ಅತ್ತೆಗೆ ದಿನಾ ಬಾದಾಮಿ, ನಿಂಬೆ ನೀರು ಕೊಡಬಹುದಾ? ಮಾಡಿ ನೋಡಿದವರು ಹೇಳಿ

ದಾವಣಗೆರೆಯಿಂದ ಒಬ್ಬ ಸೊಸೆ:
ನಮ್ಮ ಅತ್ತೆಗೆ 61 ವರ್ಷ. ಹೋದ ವಾರ ರಕ್ತ ಪರೀಕ್ಷೆ ಮಾಡಿಸಿದೆವು. ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಇದೆ, ಹಿಮೋಗ್ಲೋಬಿನ್ 9.8, ಅಂದರೆ ರಕ್ತ ಕಮ್ಮಿ. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ಕರಿದದ್ದು ಬಿಡಿ, ದಿನಕ್ಕೆ ಒಂದು ಹಿಡಿ ನಟ್ಸ್ ತಿನ್ನಿ ಎಂದರು. ಮನೆಗೆ ಬಂದವರೆಲ್ಲ ಬೆಳಿಗ್ಗೆ ಖಾಲಿ ಹೊಟ್ಟೆಗೆ ನಿಂಬೆ ನೀರು ಕುಡಿಸು ಅಂತಾರೆ. ಬಾದಾಮಿ ಕೊಟ್ಟರೆ ಅತ್ತೆ "ಇಷ್ಟು ದುಡ್ಡು ಕೊಟ್ಟು ನನಗ್ಯಾಕೆ, ಮಕ್ಕಳಿಗೆ ಕೊಡು" ಅಂತ ಡಬ್ಬಿ ಮುಚ್ಚಿಡುತ್ತಾರೆ. ನಾಲ್ಕು ವರ್ಷದ ಹಿಂದೆ ಅವರಿಗೆ ಕಿಡ್ನಿಯಲ್ಲಿ ಕಲ್ಲಾಗಿತ್ತು, ಅದೂ ಒಂದು ಭಯ. ನಿಮ್ಮ ಮನೆಗಳಲ್ಲಿ ಏನು ಮಾಡಿದ್ರಿ? ಎಷ್ಟು ಕೊಡಬೇಕು, ಯಾವಾಗ ಕೊಡಬೇಕು?

ಮೈಸೂರಿನಿಂದ:
ನಾನು ಆರು ತಿಂಗಳು ಬಿಡದೆ ಬೆಳಿಗ್ಗೆ ಬಿಸಿನೀರಿಗೆ ನಿಂಬೆ, ಜೇನುತುಪ್ಪ ಹಾಕಿ ಕುಡಿದೆ. ಕೊಬ್ಬು ಕರಗುತ್ತೆ ಎಂದು ಹೇಳಿದ್ದರು. ತೂಕ ಇಳಿಯಲಿಲ್ಲ. ಆದರೆ ಎದ್ದ ತಕ್ಷಣ ಕಾಫಿ ಕುಡಿಯುವ ಅಭ್ಯಾಸ ಹೋಗಿ, ನೀರು ಕುಡಿಯುವುದು ಜಾಸ್ತಿಯಾಯಿತು. ಅಷ್ಟು ಲಾಭ ನಿಜ.

ತೊಂದರೆ ಬಂದದ್ದು ಹಲ್ಲಿಗೆ. ತಣ್ಣೀರು ಬಾಯಿಗೆ ಹಾಕಿದರೆ ಜುಮ್ ಎನ್ನುವ ಹಾಗಾಯಿತು. ನಿಂಬೆಯ ಹುಳಿ ಹಲ್ಲಿನ ಮೇಲ್ಪದರ ತಿನ್ನುತ್ತದೆ, ಕುಡಿದ ತಕ್ಷಣ ಬ್ರಶ್ ಮಾಡಿದರೆ ಮೆತ್ತಗಾದ ಪದರವನ್ನು ನಾವೇ ಉಜ್ಜಿ ತೆಗೆದ ಹಾಗೆ ಎಂದು ಹಲ್ಲಿನ ಡಾಕ್ಟರ್ ಹೇಳಿದರು. ಈಗ ಮೊದಲು ಬ್ರಶ್ ಮಾಡುತ್ತೇನೆ, ಆಮೇಲೆ ನಿಂಬೆ ನೀರು, ಕೊನೆಗೆ ಬರೀ ನೀರಲ್ಲಿ ಬಾಯಿ ಮುಕ್ಕಳಿಸುತ್ತೇನೆ. ಅತ್ತೆಯವರ ಹಲ್ಲು ಸವೆದಿದ್ದರೆ ಖಾಲಿ ಹೊಟ್ಟೆಯ ಲೋಟ ಬೇಡವೇ ಬೇಡ, ಊಟದ ಜೊತೆ ಕೊಡಿ.

ಇಂಡಿ ಕಡೆಯ ಮಗಳು, ಈಗ ಬೆಂಗಳೂರಲ್ಲಿ:
ಅಕ್ಕ, ನಿಮ್ಮ ಪ್ರಶ್ನೆ ನೋಡಿ ನಮ್ಮ ಮನೆಯದೇ ಕಥೆ ಅನ್ನಿಸಿತು. ನಮ್ಮ ಯಜಮಾನರಿಗೆ ಕಲ್ಲು ಎರಡು ಸಲ ಆಗಿದೆ, ಅಮ್ಮನಿಗೆ ರಕ್ತ ಕಮ್ಮಿ ಇತ್ತು. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ನಿಂಬೆ. ನಾನು ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ, ಮನೆ ಹಿಂದೆಯೇ ನಿಂಬೆ ತೋಟ. ಅಮ್ಮ ಚಿತ್ರಾನ್ನ ಮಾಡುವಾಗ ಒಲೆ ಆರಿಸಿ, ಬಾಣಲೆ ಕೆಳಗಿಳಿಸಿ, ಒಗ್ಗರಣೆಯ ಬಿಸಿ ತಗ್ಗುವ ತನಕ ಕಾಯುತ್ತಿದ್ದರು. ಅಷ್ಟರಲ್ಲಿ ನಿಂಬೆಹಣ್ಣನ್ನು ಅಂಗೈಯಲ್ಲಿ ಒತ್ತಿ ಕಟ್ಟೆಯ ಮೇಲೆ ನಾಲ್ಕು ಸಲ ಉರುಳಿಸುತ್ತಿದ್ದರು, ರಸ ಚೆನ್ನಾಗಿ ಬಿಡಲಿ ಅಂತ. ಬಿಸಿಯಲ್ಲಿ ಹಿಂಡಿದರೆ ಕಹಿಯಾಗುತ್ತದೆ ಎನ್ನುವುದು ಅವರ ಲೆಕ್ಕ. ಕಾಯಿಸಿದರೆ ವಿಟಮಿನ್ ಸಿ ಕೂಡ ಹಾಳಾಗುತ್ತದೆ ಎಂದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ.

ಈ ವಿಟಮಿನ್ ಸಿ ನಿಮ್ಮ ಅತ್ತೆಗೆ ಬೇಕಾದದ್ದು. ಕಾಳು, ಬೇಳೆ, ಸೊಪ್ಪಿನಲ್ಲಿ ಇರುವ ಕಬ್ಬಿಣದ ಅಂಶ ನಮ್ಮ ಹೊಟ್ಟೆಗೆ ಅಷ್ಟು ಸುಲಭವಾಗಿ ಹತ್ತುವುದಿಲ್ಲ. ಅದೇ ತುತ್ತಿನ ಜೊತೆ ನಿಂಬೆ ರಸ ಹೋದರೆ ಜಾಸ್ತಿ ಹತ್ತುತ್ತದೆ. ಆದ್ದರಿಂದ ಬೆಳಿಗ್ಗೆ ಆರಕ್ಕೆ ಬರೀ ನೀರಲ್ಲಿ ಕೊಟ್ಟ ನಿಂಬೆಗಿಂತ ಮಧ್ಯಾಹ್ನ ಹೆಸರುಕಾಳಿನ ಪಲ್ಯದ ಮೇಲೆ ಹಿಂಡಿದ ನಿಂಬೆ ರಕ್ತಕ್ಕೆ ಹೆಚ್ಚು ಉಪಯೋಗ. ಅಮ್ಮನಿಗೆ ನಾವು ಮಾಡಿದ್ದು ಇಷ್ಟೇ: ಒಂದು ಹೊತ್ತು ಕಾಳು ಕಡ್ಡಾಯ, ತಟ್ಟೆಯಲ್ಲಿ ಅರ್ಧ ನಿಂಬೆ ಕಡ್ಡಾಯ. ಊಟವಾದ ತಕ್ಷಣ ಚಹಾ ಕುಡಿಯುವುದನ್ನು ಬಿಡಿಸಿದೆವು, ಯಾಕೆಂದರೆ ಚಹಾ, ಕಾಫಿ ಕಬ್ಬಿಣವನ್ನು ತಡೆಯುತ್ತವೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆ ಅಂತರ. ಅಮ್ಮನಿಗೆ ಕಷ್ಟವಾದದ್ದು ಇದೊಂದೇ. ಮಾತ್ರೆಯನ್ನು ಮಾತ್ರ ನಿಲ್ಲಿಸಲಿಲ್ಲ. 9.8ಕ್ಕೆ ಊಟ ಒಂದೇ ಸಾಲದು, ಮಾತ್ರೆ ಬೇಕೇ ಬೇಕು.

ಇನ್ನು ಕಲ್ಲಿನ ವಿಷಯ. ಇಲ್ಲಿ ನಿಂಬೆ ನಿಮ್ಮ ಕಡೆ, ಬಾದಾಮಿ ಅಲ್ಲ. ಹೆಚ್ಚಿನವರಿಗೆ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು, ಅಂದರೆ ಕೆಲವು ಆಹಾರದಲ್ಲಿರುವ ಆಕ್ಸಲೇಟ್ ಎಂಬ ಅಂಶ ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕಟ್ಟುವ ಕಲ್ಲು. ನಿಂಬೆಯಲ್ಲಿರುವ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ, ಕಲ್ಲು ಕಟ್ಟದಂತೆ ತಡೆಯಲು ನೆರವಾಗುತ್ತದೆ. ಬಾದಾಮಿಯಲ್ಲಿ ಆಕ್ಸಲೇಟ್ ತುಂಬಾ ಇದೆ, ಗೋಡಂಬಿಯಲ್ಲೂ ಜಾಸ್ತಿ. ನಾನು ಇದು ಗೊತ್ತಿಲ್ಲದೆ ಯಜಮಾನರಿಗೆ ಒಂದು ವರ್ಷ ದಿನಾ ಇಪ್ಪತ್ತು ಬಾದಾಮಿ ನೆನೆಸಿ ಕೊಟ್ಟೆ. ಎರಡನೇ ಸಲ ಕಲ್ಲಾದಾಗ ಡಾಕ್ಟರ್ ಊಟದ ಪಟ್ಟಿ ಕೇಳಿದರು. ಬಾದಾಮಿಯಿಂದಲೇ ಆಯಿತು ಎಂದು ಅವರು ಹೇಳಲಿಲ್ಲ, ನೀರು ಕಮ್ಮಿ ಕುಡಿಯುತ್ತಿದ್ದರು ಎನ್ನುವುದೂ ಇತ್ತು. ಆದರೂ ಬಾದಾಮಿ ನಿಲ್ಲಿಸಿ ಎಂದರು. ರಾತ್ರಿ ಅವರು ಸೊಂಟ ಹಿಡಿದುಕೊಂಡು ಹೊರಳಾಡಿದ್ದು ನೆನೆಸಿಕೊಂಡರೆ ಈಗಲೂ ನನಗೆ ಸಂಕಟವಾಗುತ್ತದೆ. ಅತ್ತೆಯವರ ಕಲ್ಲು ಯಾವುದು ಎಂದು ಹಳೆಯ ರಿಪೋರ್ಟ್ ತೆಗೆದು ನೋಡಿ, ಡಾಕ್ಟರಿಗೆ ತೋರಿಸಿ. ಪಾಲಕ್ ಸೊಪ್ಪಿನಲ್ಲೂ ಆಕ್ಸಲೇಟ್ ಬಹಳ, ರಕ್ತಕ್ಕೆ ಒಳ್ಳೆಯದು ಎಂದು ದಿನಾ ಪಾಲಕ್ ಮಾಡಬೇಡಿ.

ಹಾಗಾದರೆ ಯಾವ ನಟ್ಸ್? ನಮ್ಮ ಮನೆಯಲ್ಲಿ ಈಗ ಶೇಂಗಾ, ವಾರಕ್ಕೆರಡು ದಿನ ಅಕ್ರೋಟ್. ಶೇಂಗಾದಲ್ಲೂ ಆಕ್ಸಲೇಟ್ ಇದೆ, ಬಾದಾಮಿಗಿಂತ ಕಮ್ಮಿ. ಶೇಂಗಾ ಅಂದರೆ ನಿಮ್ಮ ಕಡಲೆಕಾಯಿ ಬೀಜವೇ. ಅದು ಬೇಳೆಕಾಳಿನ ಜಾತಿಗೆ ಸೇರಿದ್ದು, ಆದರೆ ಒಳಗಿನ ಸತ್ವ ನಟ್ಸ್‌ನಂತೆಯೇ. ನೂರು ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್. ಬಾದಾಮಿಯಲ್ಲಿ ಸುಮಾರು 21. ಬೆಲೆ ಹೋಲಿಸಿ ನೋಡಿ! ಅತ್ತೆಗೆ ದುಡ್ಡಿನ ಸಂಕೋಚ ಇದ್ದರೆ ಶೇಂಗಾ ಡಬ್ಬಿಯನ್ನು ಅವರು ಮುಚ್ಚಿಡುವುದಿಲ್ಲ.

ಒಂದು ಎಚ್ಚರಿಕೆ. ತಂದ ಶೇಂಗಾವನ್ನು ಮೊರದಲ್ಲಿ ಹರಡಿ ಆರಿಸಿ. ಮುರುಟಿದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು ಇದ್ದರೆ ತೆಗೆದು ಎಸೆಯಿರಿ. ಬಾಯಿಗೆ ಕಹಿ ಅನ್ನಿಸಿದರೆ ಉಗಿದುಬಿಡಿ. ಆ ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು, ಅದು ಲಿವರಿಗೆ ಕೆಟ್ಟದ್ದು. ಹುರಿದರೆ ಪೂರ್ತಿ ಹೋಗುವುದಿಲ್ಲ. ಮಳೆಗಾಲದಲ್ಲಿ ನಾನು ಅರ್ಧ ಕಿಲೋಗಿಂತ ಜಾಸ್ತಿ ತರುವುದೇ ಇಲ್ಲ.

ಕುಮಟಾದಿಂದ:
ಎರಡೇ ಮಾತು. ನಮ್ಮ ಕಡೆ ನಿಂಬೆ ಎಂದರೆ ಉಪ್ಪಿನಕಾಯಿ. ಅಪ್ಪನಿಗೆ ಬಿಪಿ, "ನಿಂಬೆ ಒಳ್ಳೆಯದಲ್ವಾ" ಎಂದು ದಿನಾ ಎರಡು ಹೋಳು ತಿನ್ನುತ್ತಿದ್ದರು. ಅದರಲ್ಲಿ ಇರುವುದು ನಿಂಬೆಗಿಂತ ಉಪ್ಪು. ಉಪ್ಪು ಹಾಕಿದ ಗೋಡಂಬಿ, ಖಾರದ ಪ್ಯಾಕೆಟ್ ಶೇಂಗಾದ ಕಥೆಯೂ ಅದೇ. ಕಲ್ಲಿನವರಿಗೂ ಉಪ್ಪು ಜಾಸ್ತಿಯಾಗಬಾರದು.

ಇನ್ನೊಂದು, ಚಿಕ್ಕಪ್ಪನಿಗೆ ಕಿಡ್ನಿಯೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಅವರಿಗೆ ನಟ್ಸ್ ಅಳೆದು ಕೊಡಬೇಕು ಎಂದಿದ್ದಾರೆ, ಪೊಟ್ಯಾಸಿಯಂ, ಫಾಸ್ಫರಸ್ ಇರುತ್ತದಂತೆ. ನಿಮ್ಮ ಅತ್ತೆಯ ರಕ್ತದ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ ಎಷ್ಟಿದೆ ನೋಡಿಕೊಳ್ಳಿ, ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆಯಾ ಎಂದು ಅದರಿಂದ ಗೊತ್ತಾಗುತ್ತದೆ.

ಹುಬ್ಬಳ್ಳಿಯಿಂದ, ಆಹಾರ ತಜ್ಞೆ:
ಮೇಲಿನವರು ಬಹಳಷ್ಟು ಸರಿಯಾಗಿ ಹೇಳಿದ್ದಾರೆ. ಅಳತೆ ಮಾತ್ರ ನಾನು ಹೇಳುತ್ತೇನೆ.

ಒಂದು ಹಿಡಿ ಎಂದರೆ 30 ಗ್ರಾಂ. ಸ್ಪೇನ್ ದೇಶದಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪ್ರೆಡಿಮೆಡ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಅಲ್ಲಿನ ಒಂದು ಗುಂಪಿಗೆ ಅವರ ಕಡೆಯ ಊಟದ ಜೊತೆ ದಿನಕ್ಕೆ 30 ಗ್ರಾಂ ನಟ್ಸ್ ಕೊಟ್ಟರು. ಅರ್ಧ ಅಕ್ರೋಟ್, ಉಳಿದರ್ಧ ಬಾದಾಮಿ ಮತ್ತು ಹೇಝಲ್‌ನಟ್. 2013ರಲ್ಲಿ ಫಲಿತಾಂಶ ಬಂತು. ಕೆಲವು ಕಡೆ ಗುಂಪು ಹಂಚಿದ್ದರಲ್ಲಿ ದೋಷ ಕಂಡಿದ್ದರಿಂದ ಅದನ್ನು ಹಿಂತೆಗೆದುಕೊಂಡು, ಲೆಕ್ಕ ಸರಿಮಾಡಿ 2018ರಲ್ಲಿ ಮತ್ತೆ ಪ್ರಕಟಿಸಿದರು. ಆಗಲೂ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ನಟ್ಸ್ ತಿಂದ ಗುಂಪಿನಲ್ಲಿ ಕಮ್ಮಿಯೇ ಇದ್ದವು. ಹಾಗಾಗಿ ನಿಮ್ಮ ಡಾಕ್ಟರ್ ಹೇಳಿದ ಹಿಡಿಗೆ ಆಧಾರ ಇದೆ.

ಆದರೆ ಆ 30 ಗ್ರಾಂನಲ್ಲಿ 170-190 ಕ್ಯಾಲೊರಿ ಇರುತ್ತದೆ. ದಿನಾ ತಿನ್ನುವುದೆಲ್ಲ ತಿಂದು, ಅದರ ಮೇಲೆ ಇದನ್ನೂ ತಿಂದರೆ ತೂಕ ಏರುತ್ತದೆ. ಬೇರೆ ಏನನ್ನಾದರೂ ಬಿಟ್ಟು ಅದರ ಜಾಗದಲ್ಲಿ ತಿನ್ನಬೇಕು. ನನ್ನ ಹತ್ತಿರ ಬರುವವರು ಹೆಚ್ಚಾಗಿ ಎಡವುವುದು ಇಲ್ಲೇ. ನೀವು ದಾವಣಗೆರೆಯವರು, ಸಂಜೆ ಮಂಡಕ್ಕಿ ಜೊತೆ ಮೆಣಸಿನಕಾಯಿ ಬಜ್ಜಿ ಇದ್ದೇ ಇರುತ್ತದೆ ಅಲ್ವಾ? ಬಜ್ಜಿ ಬಿಡಿಸಿ. ಅದೇ ಮಂಡಕ್ಕಿಗೆ ಒಂದು ಹಿಡಿ ಹುರಿದ ಶೇಂಗಾ, ಈರುಳ್ಳಿ, ಟೊಮೆಟೊ, ಕೊತ್ತಂಬರಿ ಹಾಕಿ, ಎಣ್ಣೆ ಒಂದೇ ಚಮಚ, ಮೇಲೆ ನಿಂಬೆ ಹಿಂಡಿ ಕೊಡಿ. ಹಲ್ಲಿಗೆ ಶೇಂಗಾ ಗಟ್ಟಿಯಾದರೆ ತರಿತರಿಯಾಗಿ ಕುಟ್ಟಿ ಹಾಕಿ.

ಮಾತ್ರೆಯ ಬಗ್ಗೆಯೂ ಒಂದು ಮಾತು. ಈ ವಯಸ್ಸಿನಲ್ಲಿ ಎಲುಬಿಗೆಂದು ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಟ್ಟಿರುತ್ತಾರೆ. ಅದನ್ನು ಕಬ್ಬಿಣದ ಮಾತ್ರೆ ಜೊತೆ ನುಂಗಿಸಬೇಡಿ, ಎರಡು ಗಂಟೆ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆಯೂ ಬೇಡ, ನಿಂಬೆ ನೀರಿನ ಜೊತೆ ಕೊಡಬಹುದು, ಸಕ್ಕರೆ ಹಾಕದೆ.

ಕೊನೆಯದಾಗಿ, ಇದನ್ನು ದಯವಿಟ್ಟು ಗಮನಿಸಿ. ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ರಕ್ತ ಇಷ್ಟು ಕಮ್ಮಿಯಾಗಿದ್ದರೆ, ಊಟ ಸಾಲದೆ ಆಯಿತು ಎಂದು ಸುಮ್ನೆ ಬಿಡಬಾರದು. ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಎಂದು ಡಾಕ್ಟರ್ ನೋಡಬೇಕು. ನೀವೇ ಬಾಯಿಬಿಟ್ಟು ಕೇಳಿ.

ದಾವಣಗೆರೆಯ ಸೊಸೆ, ಮೂರು ವಾರದ ನಂತರ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಳೆಯ ಫೈಲ್ ಹುಡುಕಿದೆ, ಕಲ್ಲು ಆಕ್ಸಲೇಟ್‌ದೇ ಆಗಿತ್ತು. ಬಾದಾಮಿ ನಿಲ್ಲಿಸಿದೆ. ಕ್ರಿಯಾಟಿನಿನ್ ಸರಿ ಇದೆ. ರಕ್ತ ಎಲ್ಲಾದರೂ ಹೋಗುತ್ತಿದೆಯಾ ಎಂದು ನಾನೇ ಕೇಳಿದೆ, ಮಲ ಪರೀಕ್ಷೆ ಬರೆದುಕೊಟ್ಟಿದ್ದಾರೆ, ನಾಳೆ ಕೊಡಬೇಕು.

ಮನೆಯಲ್ಲಿ ಬದಲಾದದ್ದು ಸಂಜೆಯ ಹೊತ್ತು. ಈಗ ಮಂಡಕ್ಕಿ ಕಲೆಸುವುದು ಅತ್ತೆಯದೇ ಕೆಲಸ. ಶೇಂಗಾವನ್ನು ತಾವೇ ಮೊರದಲ್ಲಿ ಆರಿಸಿ, ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ಊದುತ್ತಾರೆ. ನಿಂಬೆ ಮಾತ್ರ ಕೊನೆಗೆ ಹಿಂಡುತ್ತಾರೆ, ಮಂಡಕ್ಕಿ ಮೆತ್ತಗಾಗಬಾರದು ಅಂತ. ನಿನ್ನೆ ನನ್ನ ತಟ್ಟೆಗೂ ಒಂದು ಹಿಡಿ ಶೇಂಗಾ ಜಾಸ್ತಿ ಹಾಕಿ, "ನೀನೂ ತಿನ್ನು, ನಿನಗೂ ರಕ್ತ ಬೇಕು" ಎಂದರು. ಚಹಾ ಈಗ ಒಂದು ಗಂಟೆ ಬಿಟ್ಟೇ ಕೇಳುತ್ತಾರೆ.

ಇಂಡಿ ಅಕ್ಕ, ನಿಂಬೆಹಣ್ಣು ಫ್ರಿಜ್ಜಿನಲ್ಲಿ ಒಂದು ವಾರಕ್ಕೆ ಒಣಗಿ ಗಟ್ಟಿಯಾಗುತ್ತಿವೆ. ನೀವು ಹೇಗೆ ಇಡ್ತೀರಿ?

ಇಂಡಿ ಕಡೆಯ ಮಗಳು:
ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ವಾರ ಚೆನ್ನಾಗಿರುತ್ತವೆ. ಕೊಳ್ಳುವಾಗ ಸಿಪ್ಪೆ ತೆಳ್ಳಗೆ, ನುಣುಪಾಗಿ ಇರುವುದನ್ನೇ ಆರಿಸಿ, ಕೈಯಲ್ಲಿ ಹಿಡಿದರೆ ಗಾತ್ರಕ್ಕಿಂತ ಭಾರ ಅನ್ನಿಸಬೇಕು. ದಪ್ಪ ಸಿಪ್ಪೆಯದರಲ್ಲಿ ರಸ ಕಮ್ಮಿ. ನಾಳೆಯ ರಿಪೋರ್ಟ್ ಬಂದ ಮೇಲೆ ತಿಳಿಸಿ ಅಕ್ಕ, ಕಾಯ್ತಿರ್ತೀನಿ.