ಕಾರ್ ಸರ್ವೀಸ್ ಆಗಿ ನಾಲ್ಕು ದಿನ ಆಗಿಲ್ಲ, ನೀಲಿ ಹೊಗೆ, ಮೇಲಿಂದ ಟಕಟಕ ಸದ್ದು. ಯಾರಾದರೂ ಹೇಳಿ

ಕೋಟೆಗುಡ್ಡ_34
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ನಿನ್ನೆ ಸಿರುಗುಪ್ಪಕ್ಕೆ ಹೋಗಿ ಬಳ್ಳಾರಿಗೆ ವಾಪಸ್ ಬರುವಾಗ ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಹೊಡೆದು ಪಕ್ಕಕ್ಕೆ ಬಂದರು, "ಹೊಗೆ ನೋಡ್ರೀ ನಿಮ್ದು" ಅಂದರು. ಕನ್ನಡಿಯಲ್ಲಿ ನೋಡಿದರೆ ನೀಲಿ ಹೊಗೆ, ಹಿಂದಿನ ರಸ್ತೆ ಕಾಣುತ್ತಿಲ್ಲ. ಬಾನೆಟ್ ಎತ್ತಿದರೆ ಸುಟ್ಟ ಎಣ್ಣೆ ವಾಸನೆ. ಇವತ್ತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಮೇಲ್ಭಾಗದಿಂದ ಟಕಟಕ ಸದ್ದು, ಪಿಕಪ್ ಬೇರೆ ಇಲ್ಲ. ಗ್ಯಾರೇಜ್‌ನವರಿಗೆ ಫೋನ್ ಮಾಡಿದರೆ "ಟರ್ಬೋ ಹೋಗಿರಬೇಕು, ತಂದು ಬಿಡಿ" ಅನ್ನುತ್ತಾರೆ. ಸರ್ವೀಸ್‌ಗೆ ಕೊಡುವ ಮುಂಚೆ ಗಾಡಿ ಚೆನ್ನಾಗಿಯೇ ಇತ್ತು ಅಲ್ವಾ? ನಾಡಿದ್ದು ತಂಗಿಯ ಮದುವೆ ಮಾತುಕತೆಗೆ ರಾಯಚೂರಿಗೆ ಹೋಗಬೇಕು. ಏನು ಮಾಡಲಿ?

ಬಿಸಿಲೂರು_36
ಟರ್ಬೋ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್) ಸೀಲ್ ಹೋಗಿದೆ. ನೂರಕ್ಕೆ ನೂರು. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ, ಪಿಕಪ್ ಇಲ್ಲ ಅಂದರೆ ಟರ್ಬೋ ಗಾಳಿ ತುಂಬುತ್ತಿಲ್ಲ. ಎರಡೂ ಸೇರಿದರೆ ಬೇರೆ ಏನಿದೆ? ನನ್ನ ಹಳೇ ಗಾಡಿಯಲ್ಲಿ ಹಿಂಗೇ ಆಗಿತ್ತು. ಹೊಸದು ಹಾಕಿಸಬೇಡಿ, ರೀಕಂಡೀಷನ್ ಮಾಡಿಸಿ.

ಮುನಿರಾಬಾದ್_37
ಯಾವ ಗಾಡಿ ಸರ್? ಡೀಸೆಲ್ಲಾ ಪೆಟ್ರೋಲಾ? ಎಷ್ಟು ಓಡಿದೆ? ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡಿದಿರಾ? ಇದು ಯಾವುದೂ ಗೊತ್ತಿಲ್ಲದೆ ಟರ್ಬೋ ಬಿಚ್ಚಿಸುವುದು ಬೇಡ.

ಕೋಟೆಗುಡ್ಡ_34
ಸ್ವಿಫ್ಟ್ ಡೀಸೆಲ್, 2015, 1.3 ಎಂಜಿನ್. 1 ಲಕ್ಷ 20 ಸಾವಿರ ಓಡಿದೆ. ಆಯಿಲ್ ಫುಲ್ ಇದೆ, ಅದರದ್ದೇನೂ ತೊಂದರೆ ಇಲ್ಲ.

ಬಿಸಿಲೂರು_36
ನೋಡಿ, ಆಯಿಲ್ ಸರಿ ಇದೆ ಅಂತ ಅವರೇ ಹೇಳಿದರು. ಟರ್ಬೋ ಸೀಲೇ. ಏರ್ ಫಿಲ್ಟರ್‌ನಿಂದ ಟರ್ಬೋಗೆ ಹೋಗುವ ಪೈಪ್ ಬಿಚ್ಚಿ, ಒಳಗೆ ಆಯಿಲ್ ಇದ್ದರೆ ಮುಗಿಯಿತು.

ಮುನಿರಾಬಾದ್_37
ಆ ಪೈಪ್‌ಗೆ ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್ ಕೂಡ ಬಂದು ಸೇರುತ್ತದೆ. ಅಲ್ಲಿ ಆಯಿಲ್ ಕಂಡರೆ ಟರ್ಬೋದ್ದೇ ಅಂತ ಹೇಳಲು ಆಗುವುದಿಲ್ಲ. "ಫುಲ್" ಅಂದರೆ ಏನು ಸರ್? ಮೇಲಿನ ಗುರುತಿಗೆ ಸರಿಯಾಗಿದೆಯೋ, ಅದಕ್ಕಿಂತ ಮೇಲೆ ಇದೆಯೋ?

ಕೋಟೆಗುಡ್ಡ_34
ಈಗ ನೋಡಿ ಬಂದೆ. ಮೇಲಿನ ಗುರುತಿಗಿಂತ ಎರಡು ಬೆರಳು ಮೇಲೆ ಇದೆ. ಕಡ್ಡಿಯ ಮೇಲೆ ಸಣ್ಣ ಸಣ್ಣ ಗುಳ್ಳೆ ಕೂಡ ಇದೆ. ಸರ್ವೀಸ್ ಆದ ದಿನ ಮನೆಗೆ ಬಂದು ನೋಡಿದಾಗ ಕೆಳಗಿನ ಗುರುತಿಗಿಂತ ಕಡಿಮೆ ಕಂಡಿತ್ತು. ಗ್ಯಾರೇಜ್‌ನವರು ಮೋಸ ಮಾಡಿದ್ದಾರೆ ಅಂತ ಸಿಟ್ಟು ಬಂದು ಒಂದು ಲೀಟರ್ ತಂದು ಹಾಕಿದೆ.

ಮುನಿರಾಬಾದ್_37
ಸರ್, ದಯವಿಟ್ಟು ಇನ್ನು ಒಂದು ಸಲವೂ ಸ್ಟಾರ್ಟ್ ಮಾಡಬೇಡಿ. ಎಂಜಿನ್ ಆಫ್ ಮಾಡಿ ಎಷ್ಟು ಹೊತ್ತಿಗೆ ನೋಡಿದ್ದಿರಿ? ಗಾಡಿ ಎಲ್ಲಿ ನಿಂತಿತ್ತು? ಗ್ಯಾರೇಜ್‌ನವರು ಎಷ್ಟು ಹಾಕಿದ್ದರು, ಬಿಲ್ ನೋಡಿ.

ಕೋಟೆಗುಡ್ಡ_34
ಆಫ್ ಮಾಡಿದ ತಕ್ಷಣ ನೋಡಿದ್ದೆ. ನಮ್ಮ ಮನೆ ಕೋಟೆ ಗುಡ್ಡದ ಹತ್ತಿರ, ಓಣಿ ಇಳಿಜಾರು. ಬಿಲ್‌ನಲ್ಲಿ 3.5 ಲೀಟರ್ ಡಬ್ಬಿ ಒಂದು ಅಂತ ಇದೆ.

ಮುನಿರಾಬಾದ್_37
ಸಿಕ್ಕಿತು. ಈ ಎಂಜಿನ್‌ಗೆ ಫಿಲ್ಟರ್ ಸೇರಿ ಮೂರು ಲೀಟರ್ ಚಿಲ್ಲರೆ ಸಾಕು. ಡಬ್ಬಿ ಪೂರ್ತಿ ಸುರಿದಿದ್ದರೆ ಅಲ್ಲೇ ಸ್ವಲ್ಪ ಜಾಸ್ತಿ ಆಗಿತ್ತು. ಆಫ್ ಮಾಡಿದ ತಕ್ಷಣ ಆಯಿಲ್ ಇನ್ನೂ ಮೇಲಿನ ಹೆಡ್‌ನಲ್ಲಿ, ಫಿಲ್ಟರ್‌ನಲ್ಲಿ ಇರುತ್ತದೆ, ಕೆಳಗಿನ ಚೇಂಬರ್‌ಗೆ (ಆಯಿಲ್ ನಿಲ್ಲುವ ತೊಟ್ಟಿ) ಇಳಿಯಲು ಐದು ಹತ್ತು ನಿಮಿಷ ಬೇಕು. ಮೇಲೆ ಇಳಿಜಾರು ಬೇರೆ, ಆಯಿಲ್ ಒಂದು ಕಡೆ ಸರಿದು ಕಡ್ಡಿ ಸುಳ್ಳು ಹೇಳುತ್ತದೆ. ಕಡ್ಡಿಯಲ್ಲಿ ಕೆಳಗಿನ ಗುರುತಿನಿಂದ ಮೇಲಿನದಕ್ಕೆ ಬರುವಷ್ಟು ಆಯಿಲ್ ಅಂದರೆ ಹೆಚ್ಚಿನ ಕಾರುಗಳಲ್ಲಿ ಸುಮಾರು ಒಂದು ಲೀಟರ್. ನಿಮ್ಮದು ಅದರ ಮೇಲೆ ಮತ್ತೆ ಒಂದು ಲೀಟರ್ ಚಿಲ್ಲರೆ ಏರಿ ಕೂತಿದೆ.

ಈಗ ಒಳಗೆ ಆಗುತ್ತಿರುವುದು ಇದು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ತಿರುಗುವಾಗ ಆಯಿಲ್‌ಗೆ ತಾಗಬಾರದು. ಮಟ್ಟ ಏರಿದರೆ ಕ್ರ್ಯಾಂಕ್ ಅದರಲ್ಲೇ ಮುಳುಗಿ ತಿರುಗುತ್ತದೆ, ಕಡಗೋಲಲ್ಲಿ ಮಜ್ಜಿಗೆ ಕಡೆದ ಹಾಗೆ. ಆಯಿಲ್ ನೊರೆ ಆಗುತ್ತದೆ. ನೀವು ಕಂಡ ಗುಳ್ಳೆ ಅದೇ. ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತದೆ, ಪ್ರೆಷರ್ ಬೀಳುತ್ತದೆ. ಈ ಎಂಜಿನ್‌ನಲ್ಲಿ ಟ್ಯಾಪೆಟ್‌ಗಳು (ವಾಲ್ವ್‌ಗಳ ಸಂದು ಸರಿಹೊಂದಿಸುವ ಭಾಗ) ಆಯಿಲ್ ಪ್ರೆಷರ್ ಮೇಲೆ ಕೆಲಸ ಮಾಡುತ್ತವೆ, ಅದಕ್ಕೇ ಟಕಟಕ. ಆಯಿಲ್ ಜಾಸ್ತಿ ಇದ್ದೂ ಬೇರಿಂಗ್‌ಗೆ ಆಯಿಲ್ ಸಿಗುವುದಿಲ್ಲ, ಜನಕ್ಕೆ ಇದೇ ಅರ್ಥ ಆಗುವುದಿಲ್ಲ. ಒಳಗಿನ ಒತ್ತಡಕ್ಕೆ ಆಯಿಲ್ ಆವಿ, ಹನಿ ಎಲ್ಲ ಬ್ರೀದರ್ ಪೈಪ್‌ನಿಂದ ಏರ್ ಪೈಪ್‌ಗೆ ನುಗ್ಗಿ ಎಂಜಿನ್ ಒಳಗೆ ಸುಡುತ್ತದೆ. ಅದೇ ನೀಲಿ ಹೊಗೆ. ಹಾಗೇ ಓಡಿಸುತ್ತಿದ್ದರೆ ಕ್ರ್ಯಾಂಕ್ ಸೀಲ್ ಬಿಟ್ಟುಕೊಳ್ಳುತ್ತದೆ.

ಗಂಗಾವತಿ_ಭತ್ತ
ಅಷ್ಟೆಲ್ಲಾ ಹೆದರಿಸಬೇಡ್ರೀ. ನಮ್ಮ ಟ್ರಾಕ್ಟರ್‌ಗೆ ಅಪ್ಪ ಯಾವಾಗಲೂ ಒಂದು ಕೈ ಜಾಸ್ತಿಯೇ ಹಾಕುತ್ತಿದ್ದರು. ಇಪ್ಪತ್ತು ವರ್ಷ ಗದ್ದೆ ಹೊಡೆದಿದೆ. ಸಮಸ್ಯೆ ಆಯಿಲ್ ತೆಳ್ಳಗೆ ಇರುವುದರಲ್ಲಿದೆ. ಬಳ್ಳಾರಿ ಬಿಸಿಲಿಗೆ 5ಡಬ್ಲ್ಯೂ-30 ಯಾರು ಹಾಕುತ್ತಾರೆ? 15ಡಬ್ಲ್ಯೂ-40 ಹಾಕಿ.

ಹೊಸಪೇಟೆ_35
ಅಣ್ಣ, ಡಬ್ಲ್ಯೂ ಮುಂದಿನ ನಂಬರ್ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಅನ್ನುವುದಕ್ಕೆ. ಹಿಂದಿನ 30, 40 ಅನ್ನುವುದು 100 ಡಿಗ್ರಿ ಶಾಖದಲ್ಲಿ ಎಷ್ಟು ದಪ್ಪ ಅನ್ನುವುದಕ್ಕೆ. ಹೊರಗೆ 42 ಡಿಗ್ರಿ ಇದ್ದರೂ ಕೂಲಂಟ್, ಥರ್ಮೋಸ್ಟಾಟ್ ಎಂಜಿನ್ ಶಾಖ ಹಿಡಿದಿಡುತ್ತವೆ. ಕಂಪನಿ ಪುಸ್ತಕ ಹೇಳಿದ್ದನ್ನೇ ಹಾಕಬೇಕು.

ಗಂಗಾವತಿ_ಭತ್ತ
ಪುಸ್ತಕ ಬರೆದವರು ಮೇ ತಿಂಗಳಲ್ಲಿ ಇಲ್ಲಿಗೆ ಬಂದಿದ್ದರಾ?

ಹೊಸಪೇಟೆ_35
ಕೆಲವು ಪುಸ್ತಕದಲ್ಲಿ ಹವೆಗೆ ತಕ್ಕ ಹಾಗೆ ಎರಡು ಮೂರು ಗ್ರೇಡ್ ಕೊಟ್ಟಿರುತ್ತಾರೆ, ಅದರೊಳಗೆ ಆರಿಸಿಕೊಳ್ಳಿ. ನಾನು ನನ್ನ ಎರಡು ಗಾಡಿಗೂ ಮನೆಯಲ್ಲೇ ಸರ್ವೀಸ್ ಮಾಡುತ್ತೇನೆ. ಟಾರ್ಕ್ ರೆಂಚ್ ಇದೆ, 12 ವೋಲ್ಟ್ ಆಯಿಲ್ ಎಳೆಯುವ ಪಂಪ್ ಇದೆ, ಜಾಕ್ ಸ್ಟ್ಯಾಂಡ್ ನಾಲ್ಕು. ಹೋದ ವಾರ ಗೋಡೆಗೆ ಟೂಲ್ ಬೋರ್ಡ್ ಹೊಡೆಸಿದೆ, ಫೋಟೋ ಹಾಕುತ್ತೇನೆ.

ಮುನಿರಾಬಾದ್_37
ಬೋರ್ಡ್ ಚೆನ್ನಾಗಿದೆ, ಆದರೆ ಇಲ್ಲಿ ಒಬ್ಬರ ಎಂಜಿನ್ ಉಳಿಸಬೇಕು. ಗಂಗಾವತಿ ಅಣ್ಣ, ನೂರು ಮಿಲಿ ಜಾಸ್ತಿಗೆ ನಾನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ಒಂದು ಲೀಟರ್ ಮೇಲೆ, ಚಿಕ್ಕ ಎಂಜಿನ್‌ಗೆ. ಅದೂ ಡೀಸೆಲ್. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ತೋರಣಗಲ್ಲು ಹತ್ತಿರ ಒಂದು ಹಳೇ ಡೀಸೆಲ್ ಜೀಪ್ ನೋಡಿದ್ದೆ. ಡ್ರೈವರ್ ಕೀ ತೆಗೆದು ಕೈಯಲ್ಲಿ ಹಿಡಿದಿದ್ದ, ಎಂಜಿನ್ ನಿಲ್ಲುತ್ತಿರಲಿಲ್ಲ. ತನ್ನ ಆಯಿಲ್ ತಾನೇ ಕುಡಿದು ಅರಚುತ್ತಿತ್ತು. ಪೆಟ್ರೋಲ್‌ಗೆ ಕಿಡಿ ನಿಲ್ಲಿಸಿದರೆ ಸಾಕು, ಡೀಸೆಲ್‌ಗೆ ಕಿಡಿಯೇ ಬೇಡ. ಗಾಳಿ, ಆಯಿಲ್ ಎರಡಿದ್ದರೆ ಓಡುತ್ತಲೇ ಇರುತ್ತದೆ. ಕೊನೆಗೆ ಆತ ಟಾಪ್ ಗೇರ್ ಹಾಕಿ, ಬ್ರೇಕ್ ಪೂರ್ತಿ ತುಳಿದು, ಕ್ಲಚ್ ಬಿಟ್ಟ. ಕುಲುಕಿ ನಿಂತಿತು. ಅಂಥ ಹೊತ್ತಲ್ಲಿ ಯಾರೂ ಏರ್ ಪೈಪ್‌ಗೆ ಕೈ ಅಡ್ಡ ಇಡಬೇಡಿ. ಗೇರ್ ಹಾಕಿ ನಿಲ್ಲಿಸಲು ಆಗದಿದ್ದರೆ ದೂರ ಸರಿಯಿರಿ.

ಬಿಸಿಲೂರು_36
ಆಯಿಲ್ ಜಾಸ್ತಿ ಇರಬಹುದು, ಒಪ್ಪುತ್ತೇನೆ. ಆದರೆ ಟರ್ಬೋನೂ ನೋಡಿಸಿ.

ಕೋಟೆಗುಡ್ಡ_34
ಓದಿ ಕೈಕಾಲು ತಣ್ಣಗಾದವು. ಗಾಡಿ ಮುಟ್ಟುವುದಿಲ್ಲ. ಆಯಿಲ್ ಹೇಗೆ ತೆಗೆಯಲಿ? ಡ್ರೈನ್ ನಟ್ ಬಿಚ್ಚಲಾ?

ಹೊಸಪೇಟೆ_35
ನಟ್ ಬಿಚ್ಚಿದರೆ ಭರ್ರನೆ ಬರುತ್ತದೆ, ಅರ್ಧಕ್ಕೆ ನಿಲ್ಲಿಸಲು ಕಷ್ಟ. ವಾಷರ್ ಬೇರೆ ಹೊಸದು ಹಾಕಬೇಕು. ದನಗಳಿಗೆ ಬಳಸುವ ದೊಡ್ಡ ಸಿರಿಂಜ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದಕ್ಕೆ ಗ್ಲೂಕೋಸ್ ಹಾಕುವ ಪೈಪ್ ಸಿಕ್ಕಿಸಿ, ಕಡ್ಡಿ ಇಳಿಸುವ ತೂತಿನಲ್ಲಿ ಬಿಟ್ಟು ಎಳೆಯಿರಿ. ಆಯಿಲ್ ತೆಳ್ಳಗಾಗಲಿ ಅಂತ ಎಂಜಿನ್ ಓಡಿಸಬೇಡಿ, ನಮ್ಮ ಬಿಸಿಲಲ್ಲಿ ಬಾನೆಟ್ ಮುಚ್ಚಿ ಎರಡು ತಾಸು ನಿಲ್ಲಿಸಿದರೆ ಸಾಕು. ಮೊದಲು ಗಾಡಿಯನ್ನು ಸಮ ನೆಲಕ್ಕೆ ತಳ್ಳಿ. ತೆಗೆದ ಆಯಿಲ್ ಚರಂಡಿಗೆ ಸುರಿಯಬೇಡಿ, ಡಬ್ಬಿಯಲ್ಲಿ ತುಂಬಿ ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

ಸಿಂಧನೂರು_ಹೊಸಬ
ನಡುವೆ ಕೇಳುತ್ತೇನೆ, ಕ್ಷಮಿಸಿ. ನನ್ನದು ಬಿಎಸ್6 ಡೀಸೆಲ್. ನಾನು ಒಂದು ಹನಿ ಹಾಕಿಲ್ಲ, ಆದರೂ ಆಯಿಲ್ ಮಟ್ಟ ತಾನೇ ಏರುತ್ತಿದೆ. ದಿನಾ ಶಾಲೆ, ಮಾರ್ಕೆಟ್ ಅಂತ ಮೂರು ಕಿಲೋಮೀಟರ್ ಓಡುತ್ತದೆ ಅಷ್ಟೇ.

ಮುನಿರಾಬಾದ್_37
ಕಡ್ಡಿ ಮೂಸಿ ನೋಡಿ, ಡೀಸೆಲ್ ವಾಸನೆ ಬರುತ್ತದಾ? ಸೈಲೆನ್ಸರ್ ಕಡೆಯ ಡಿಪಿಎಫ್‌ನಲ್ಲಿ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕೂತ ಮಸಿ ಸುಡಲು ಎಂಜಿನ್ ಜಾಸ್ತಿ ಡೀಸೆಲ್ ಚಿಮ್ಮಿಸುತ್ತದೆ. ಆ ಸುಡುವಿಕೆ ಮುಗಿಯುವ ಮುಂಚೆ ಪದೇ ಪದೇ ಆಫ್ ಮಾಡಿದರೆ ಡೀಸೆಲ್ ಇಳಿದು ಆಯಿಲ್ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ, ಎಳೆದು ತೆಗೆದರೆ ಸಾಲದು, ಬದಲಿಸಲೇಬೇಕು. ಬೇರೆ ಥ್ರೆಡ್ ಹಾಕಿ, ಅಲ್ಲಿ ಮಾತಾಡೋಣ.

ಕೋಟೆಗುಡ್ಡ_34
ಅಣ್ಣಂದಿರೇ, ಆಯಿತು. ಓಣಿಯ ಹುಡುಗರು ನಾಲ್ಕು ಜನ ಸೇರಿ ಗಾಡಿಯನ್ನು ಕೆಳಗಿನ ಸಮ ಜಾಗಕ್ಕೆ ಇಳಿಸಿದರು. 60 ಮಿಲಿ ಸಿರಿಂಜ್‌ನಲ್ಲಿ 22 ಸಲ ಎಳೆದೆ, ನೀರಿನ ಬಾಟಲಿಯಲ್ಲಿ ಅಳೆದರೆ 1.3 ಲೀಟರ್ ಹತ್ತಿರ ಬಂತು. ಈಗ ಕಡ್ಡಿಯಲ್ಲಿ ಮೇಲಿನ ಗುರುತಿಗಿಂತ ಒಂದು ಕೂದಲು ಕೆಳಗೆ. ಪಕ್ಕದ ಓಣಿಯ ಮೆಕ್ಯಾನಿಕ್ ಬಂದು ಏರ್ ಪೈಪ್ ಮತ್ತು ಇಂಟರ್‌ಕೂಲರ್ (ಟರ್ಬೋದಿಂದ ಬರುವ ಗಾಳಿ ತಂಪು ಮಾಡುವ ಭಾಗ) ಬಿಚ್ಚಿದರು. ಇಂಟರ್‌ಕೂಲರ್ ಬಗ್ಗಿಸಿದಾಗ ಟೀ ಲೋಟದ ಅರ್ಧ ಆಯಿಲ್ ಸುರಿಯಿತು. ಅದನ್ನು ತೊಳೆಯದೆ ಸ್ಟಾರ್ಟ್ ಮಾಡಿದ್ದರೆ ಅಷ್ಟೂ ಒಳಗೆ ಹೋಗುತ್ತಿತ್ತು. ಟರ್ಬೋ ಫ್ಯಾನ್ ಅಲುಗಾಡಿಸಿ ನೋಡಿದರು. ಅಡ್ಡಕ್ಕೆ ಇರಬೇಕಾದಷ್ಟೇ ಸಣ್ಣ ಅಲುಗಾಟ, ಹಿಂದೆ ಮುಂದೆ ಏನೂ ಇಲ್ಲ, ಗೋಡೆಗೆ ಉಜ್ಜಿದ ಗುರುತೂ ಇಲ್ಲ. ಸ್ಟಾರ್ಟ್ ಮಾಡಿದ ಎರಡು ನಿಮಿಷಕ್ಕೆ ಟಕಟಕ ನಿಂತಿತು. ಹೊಗೆ ಹತ್ತು ಹದಿನೈದು ಕಿಲೋಮೀಟರ್ ಸ್ವಲ್ಪ ಬಂತು, ಆಮೇಲೆ ಇಲ್ಲ.

ಬಿಸಿಲೂರು_36
ಖುಷಿ ಆಯಿತು. ಸೀಲ್ ಮೇಲೆ ಮಾತ್ರ ಒಂದು ಕಣ್ಣಿರಲಿ. ರಾಯಚೂರಿಗೆ ಬಂದಾಗ ಫೋನ್ ಮಾಡಿ, ನಮ್ಮ ಕಡೆ ಒಳ್ಳೆ ಟರ್ಬೋ ಮೆಕ್ಯಾನಿಕ್ ಇದ್ದಾರೆ.

ಮುನಿರಾಬಾದ್_37
ತುಂಬಾ ಸಮಾಧಾನ ಆಯಿತು ಸರ್. ನೊರೆ ಆದ ಆಯಿಲ್‌ನಲ್ಲಿ ಸಿರುಗುಪ್ಪ ಹೋಗಿ ಬಂದಿದ್ದೀರಿ, ಹಾಗಾಗಿ ಗೇರ್‌ಬಾಕ್ಸ್ ಎಂಜಿನ್‌ಗೆ ಸೇರುವ ಜಾಗದ ಕೆಳಗೆ ರಾತ್ರಿ ಒಂದು ರಟ್ಟು ಹಾಸಿ ನೋಡಿ. ಕ್ರ್ಯಾಂಕ್‌ನ ಹಿಂದಿನ ಸೀಲ್ ಬಿಟ್ಟಿದ್ದರೆ ಅಲ್ಲೇ ಹನಿ ಬೀಳುತ್ತದೆ.

ಕೋಟೆಗುಡ್ಡ_34
ಹಾಸಿದ್ದೆ. ಬೆಳಿಗ್ಗೆ ನೋಡಿದರೆ ಎರಡು ಹನಿ, ಎಂಟಾಣೆ ಅಗಲ. ಹಳೆಯದು ಇಳಿದದ್ದೋ ಹೊಸದೋ ಗೊತ್ತಾಗುತ್ತಿಲ್ಲ. ಒರೆಸಿ ಬೇರೆ ರಟ್ಟು ಹಾಸಿದ್ದೇನೆ. ರಾಯಚೂರಿಗೆ ಬಸ್ಸಲ್ಲೇ ಹೋಗಿ ಬರುತ್ತೇವೆ, ವಾಪಸ್ ಬಂದು ಫೋಟೋ ಹಾಕುತ್ತೇನೆ.