ಹಳ್ಳಿ ಮನೆ: ಊರೊಳಗೆ ಕಟ್ಟುವುದಾ, ತೋಟದಲ್ಲಾ? ಕಟ್ಟಿದವರು ಹೇಳಿ

ತಿಪಟೂರು ಕಡೆಯವನು: ಊರೊಳಗೆ 30×40ರ ಹಳೇ ಹೆಂಚಿನ ಮನೆ ಇದೆ, ಜಂತಿಗೆ ಗೆದ್ದಲು ಹತ್ತಿದೆ. ಒಂದೂವರೆ ಕಿಲೋಮೀಟರ್ ಆಚೆ 2 ಎಕರೆ ತೆಂಗಿನ ತೋಟ. ಅಮ್ಮನಿಗೆ 68, ಒಬ್ಬರೇ ಇದ್ದಾರೆ. ನಾನು ಬೆಂಗಳೂರಲ್ಲಿ. ಕೈಯಲ್ಲಿ 22 ಲಕ್ಷ. ಎಲ್ಲಿ ಕಟ್ಟಲಿ?

ಅರಸೀಕೆರೆ ತೋಟದವನು: ತೋಟದಲ್ಲೇ ಕಟ್ಟಿ. ನಾನು 2021ರಲ್ಲಿ ಕಟ್ಟಿದೆ. ಸ್ವಂತ ಜಮೀನಿನ ಹತ್ತನೇ ಒಂದು ಭಾಗ ಮೀರದ ಹಾಗೆ ತೋಟದ ಮನೆ ಕಟ್ಟಲು ಕನ್ವರ್ಷನ್ (ಭೂ ಪರಿವರ್ತನೆ) ಬೇಡ. ಆದರೆ ಸಾಲ ಕೇಳಿದಾಗ ಬ್ಯಾಂಕಿನವರು ಮನೆ ಖಾತೆ ಕೊಡಿ ಅಂದರು, ಜಮೀನಿನ ಪಹಣಿ ನೋಡಿ ವಾಪಸ್ ಕಳಿಸಿದರು. ಹೆಂಡತಿಯ ಒಡವೆ ಇಟ್ಟೆ. ತೋಟಕ್ಕೆ ಬರುವುದು ಪಂಪ್‌ಸೆಟ್ ಲೈನ್, ರಾತ್ರಿ ಫ್ಯಾನ್ ತಿರುಗುವ ನಂಬಿಕೆ ಇಲ್ಲ. ಊರಿನ ಲೈನ್ ಎಳೆಸಲು 5 ಕಂಬ, 1 ಲಕ್ಷ 65 ಸಾವಿರ. ಇಟ್ಟಿಗೆ ಲಾರಿ ಬದುವಿನ ಹತ್ತಿರ ಹೂತುಕೊಂಡಿತು. ಅಲ್ಲಿಂದ ಎಲ್ಲವೂ ಟ್ರ್ಯಾಕ್ಟರ್‌ನಲ್ಲೇ. ಟ್ರಿಪ್ಪಿಗೆ 800ರಂತೆ 41 ಟ್ರಿಪ್, 32,800. ಪ್ರತಿ ಟ್ರಿಪ್ಪನ್ನೂ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಆದರೂ ಬೆಳಗ್ಗೆ ಬಾಗಿಲು ತೆಗೆದರೆ ನನ್ನ ಮರ, ನನ್ನ ದನ.

ಹಾಸನದ ಅಕ್ಕ: ಅಮ್ಮನನ್ನು ಒಬ್ಬರೇ ತೋಟದಲ್ಲಿ ಬಿಡುತ್ತೀರಾ? ನಮ್ಮತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗ ಕೂಗು ಕೇಳಿ ಓಡಿ ಬಂದಿದ್ದು ಪಕ್ಕದ ಮನೆಯವರು. ಅದಕ್ಕೇ ನಾವು ಊರೊಳಗೇ ಕಟ್ಟಿದೆವು. ಕಷ್ಟ ಇಲ್ಲ ಅಂತಲ್ಲ. ಖಾತೆ ಮಾವನ ತಂದೆಯ ಹೆಸರಲ್ಲೇ ಇತ್ತು. ಇ-ಸ್ವತ್ತಿನಲ್ಲಿ (ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆ) ಫಾರಂ 9, 11 ಕೈಗೆ ಬರಲು 8 ತಿಂಗಳು, ವಾರಸುದಾರರು ಒಟ್ಟು 9 ಜನರ ಸಹಿ. ನಾದಿನಿಯೊಬ್ಬರು ಮೂರು ಸಲ ಬರುತ್ತೇನೆ ಅಂದು ಬರಲಿಲ್ಲ. ಪಕ್ಕದವರದೂ ನಮ್ಮದೂ ಒಂದೇ ಗೋಡೆ. ಕೆಡವಿದ ದಿನ ಅವರ ಅಡುಗೆಮನೆ ಬಿರುಕು ಬಿಟ್ಟಿತು. ಕಟ್ಟಿಸಿಕೊಟ್ಟೆವು, 70 ಸಾವಿರ.

ಅರಸೀಕೆರೆ ತೋಟದವನು: ಅಕ್ಕಾ, ತೋಟದಲ್ಲಿರುವವರು ಹೆತ್ತವರನ್ನು ಬೀದಿಗೆ ಬಿಟ್ಟ ಹಾಗೆ ಮಾತಾಡಬೇಡಿ. ನಮ್ಮಪ್ಪ ಇಲ್ಲೇ ನೆಮ್ಮದಿಯಾಗಿದ್ದಾರೆ.

ಹಾಸನದ ಅಕ್ಕ: ನಿಮ್ಮಪ್ಪನ ಜೊತೆ ನೀವಿದ್ದೀರಿ. ಇವರು ಬೆಂಗಳೂರಲ್ಲಿದ್ದಾರೆ. ಅದನ್ನೇ ಹೇಳಿದ್ದು.

ರೋಣದವನು, ಗದಗ: ಮೊದಲು ಮಣ್ಣು ನೋಡಿ. ನಮ್ಮದು ಎರೆ ಭೂಮಿ (ಕಪ್ಪು ಮಣ್ಣು), ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಸೀಳುತ್ತದೆ. ಮೇಸ್ತ್ರಿ ಮೂರು ಅಡಿ ಪಾಯ ಸಾಕು ಅಂದ, ಅವನ ಮಾತು ಕೇಳಿದೆ. ಎರಡನೇ ಬೇಸಿಗೆಗೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು, ಐದು ರೂಪಾಯಿ ನಾಣ್ಯ ಸಲೀಸಾಗಿ ಹೋಗುತ್ತಿತ್ತು. ಹಿಂದಿನ ಎರಡು ಕೋಣೆ ಕೆಡವಿದೆ. ಎರೆ ಪೂರ್ತಿ ತೆಗೆಸಿ, ಗರಸು ತುಂಬಿ ದಮ್ಮಸ್ಸು ಮಾಡಿಸಿ, ಕಾಂಕ್ರೀಟ್ ಬೆಡ್ ಮೇಲೆ ಬೀಮ್ ಹಾಕಿಸಿದೆ. ಎರಡನೇ ಸಲಕ್ಕೆ 4 ಲಕ್ಷ 10 ಸಾವಿರ. ಈಗಲೂ ಮನೆ ಸುತ್ತ ನೀರು ನಿಂತರೆ ನಿದ್ದೆ ಬರುವುದಿಲ್ಲ.

ಪುತ್ತೂರಿನವರು: ನಾವು ಕೆಂಪು ಕಲ್ಲಲ್ಲೇ ಕಟ್ಟಿದ್ದು, ಹೊರಗೆ ಗಾರೆಯೂ ಇಲ್ಲ. ಮಧ್ಯಾಹ್ನವೂ ತಂಪು. ಎಲ್ಲರೂ ಸುಮ್ನೆ ಸಿಮೆಂಟ್ ಬ್ಲಾಕ್ ಹಾಕಿ ಬೇಯುತ್ತಾರೆ.

ರೋಣದವನು, ಗದಗ: ನಿಮ್ಮಲ್ಲಿ ಕೆಂಪು ಕಲ್ಲು ಅಂಗಳದಲ್ಲೇ ಸಿಗುತ್ತದೆ. ಇಲ್ಲಿಗೆ ತರಿಸಿದರೆ ಲಾರಿ ಬಾಡಿಗೆಯೇ ಕಲ್ಲಿಗಿಂತ ಜಾಸ್ತಿ. ನಾವು ಬಡತನಕ್ಕೆ ಬ್ಲಾಕ್ ಹಾಕಿದ್ದು, ತಿಳಿಯದೆ ಅಲ್ಲ.

ಪುತ್ತೂರಿನವರು: ಅಂಗಳದಲ್ಲಿ ಸಿಗುವುದಿಲ್ಲ ಮಾರಾಯ್ರೆ. ಒಂದಕ್ಕೆ 48 ರೂಪಾಯಿ ಕೊಟ್ಟಿದ್ದೇನೆ. ಅದರಲ್ಲೂ ನೂರಕ್ಕೆ ಏಳೆಂಟು ಮೂಲೆ ಒಡೆದದ್ದು. ಎರಡು ಮಳೆಗಾಲ ಪಡುವಣ ಗೋಡೆ ಒಳಗೇ ಜಿನುಗಿತು. ಮಾಡು (ಸೂರು) ಮೂರಡಿ ಮುಂದಕ್ಕೆ ಇಳಿಸಿದ ಮೇಲೆ ನಿಂತಿತು. ಅದಕ್ಕೆ ಬೇರೆ 85 ಸಾವಿರ.

ತಿಪಟೂರು ಕಡೆಯವನು: ನಮ್ಮದು ಕೆಂಪು ಮಣ್ಣು. ಖಾತೆ ಇನ್ನೂ ತಾತನ ಹೆಸರಲ್ಲೇ ಇದೆ. ಅಮ್ಮನಿಗೆ ಎಲ್ಲಿ ಇಷ್ಟ ಅಂತ ನಾನು ಕೇಳೇ ಇಲ್ಲ.

ಹಾಸನದ ಅಕ್ಕ: ಮೊದಲು ವಂಶವೃಕ್ಷ ಮಾಡಿಸಿ. ಸಹಿ ಹಾಕಬೇಕಾದವರು ಎಲ್ಲರೂ ಊರಲ್ಲಿರುವ ಹಬ್ಬದ ದಿನ ನೋಡಿಕೊಂಡು ಹೋಗಿ.

ಅರಸೀಕೆರೆ ತೋಟದವನು: ತೋಟದಲ್ಲಾದರೆ ಆ ಒಂಬತ್ತು ಸಹಿಯೇ ಬೇಡ.

ಹಾಸನದ ಅಕ್ಕ: ಪಹಣಿಯೂ ತಾತನ ಹೆಸರಲ್ಲಿದ್ದರೆ? ಆಗಲೂ ಬೇಕು.