ಬಿಸಿಯಾದ ಎಂಜಿಬಿ ಸಿಗ್ನಲ್‌ನ್ಯಾಗ ಬಂದ್ ಆಗ್ತದ: ಜೋಡಿ ಎಸ್‌ಯು ತಗದು ವೆಬರ್ ಕೂಡಿಸ್ಲೇನು?

ಧಾರವಾಡ_ರೋಡ್‌ಸ್ಟರ್:
ಎಲ್ಲಾರಿಗೂ ನಮಸ್ಕಾರ್ರೀ. ಗಾಡಿ 1969ರ ಎಂಜಿಬಿ (ಬ್ರಿಟಿಷ್ ಸ್ಪೋರ್ಟ್ಸ್ ಕಾರು), 1798 ಸಿಸಿ, ಎರಡು ಎಸ್‌ಯು ಎಚ್‌ಎಸ್4 ಕಾರ್ಬೊರೇಟರ್. ಮುಂಜಾನೆ ಚೋಕ್ ಎಳದ್ರ ಒಂದೇ ಸೆಲ್ಫಿಗೆ ಚಾಲೂ ಆಗ್ತದ. ಹುಬ್ಬಳ್ಳಿ ತನಕ ಓಡೂದೂ ಛಲೋನ ಅದ. ಚನ್ನಮ್ಮ ಸರ್ಕಲ್ ಸಿಗ್ನಲ್‌ನ್ಯಾಗ ನಿಂತಾಗ ಮಾತ್ರ ಐಡ್ಲಿಂಗ್ ಏರಿಳದು ಬಂದ್ ಬೀಳ್ತದ. ಸ್ವಲ್ಪ ಹೊತ್ತು ಆಫ್ ಮಾಡಿಟ್ರ ಮತ್ತ ಚಾಲೂ ಆಗೂದಿಲ್ಲ. ಮುಂದಿನ ಕಾರ್ಬೊರೇಟರಿನ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ಹನೀತದ. ಪ್ಲಗ್ 1, 2 ಕರ್ರಗ ಮಸಿ. 3, 4 ಬೆಳ್ಳಗ. ಎರಡೂ ಎಸ್‌ಯು ತಗದು ಒಂದು ವೆಬರ್ 45 ಡಿಸಿಒಇ ಕಾರ್ಬೊರೇಟರ್ ಕೂಡಿಸೂದು ಛಲೋನೋ, ಇದನ್ನ ರಿಪೇರಿ ಮಾಡೂದು ಛಲೋನೋ?

ಗದಗ_ಬಿಸೀರೀಸ್:
ವೆಬರ್ ವಿಚಾರ ಆಮ್ಯಾಲ. ಮೊದಲ ಆ ಹನಿ ನಿಲ್ಲಿಸ್ರಿ. ಈ ಇಂಜಿನ್‌ನ್ಯಾಗ ಕಾರ್ಬೊರೇಟರ್, ಸೈಲೆನ್ಸರ್ ಮ್ಯಾನಿಫೋಲ್ಡ್ ಎರಡೂ ಒಂದೇ ಬಾಜೂಕ ಅದಾವ. ಕಾದ ಮ್ಯಾನಿಫೋಲ್ಡ್ ಮ್ಯಾಲ ಪೆಟ್ರೋಲ್ ಬಿದ್ರ ಬೆಂಕಿ ಹತ್ತತೈತಿ. ರಿಪೇರಿ ಆಗೂತನಕ ಗಾಡಿ ರಸ್ತೆಕ್ಕ ಇಳಿಸಬ್ಯಾಡ್ರಿ. ಓವರ್‌ಫ್ಲೋ ಪೈಪಿನ ಬಾಯಿ ಮ್ಯಾನಿಫೋಲ್ಡ್ ದಾಟಿ ಕೆಳಗ ಇಳದಿರಬೇಕು, ಅದನ್ನೂ ನೋಡ್ರಿ.

ನಿಮ್ಮ ಪ್ಲಗ್‌ಗಳ ಬಣ್ಣದಾಗ ಅರ್ಧ ಉತ್ತರ ಐತಿ. ಮುಂದಿನ ಕಾರ್ಬೊರೇಟರ್ 1, 2ಕ್ಕ, ಹಿಂದಿಂದು 3, 4ಕ್ಕ. ಅಂದ್ರ ಮುಂದ ಪೆಟ್ರೋಲ್ ಹೆಚ್ಚಾಗೇತಿ, ಹಿಂದ ಗಾಳಿ ಹೆಚ್ಚಾಗೇತಿ. ಎರಡು ಬ್ಯಾರೆ ಬ್ಯಾರೆ ದೋಷ, ಒಂದ ಸ್ಕ್ರೂ ತಿರುವಿ ಎರಡೂ ಸರಿ ಮಾಡಾಕ ಬರೂದಿಲ್ಲ.

ಮುಂದಿಂದು: ಫ್ಲೋಟ್ ಚೇಂಬರ್ ಮುಚ್ಚಳದ ಮೂರು ಸ್ಕ್ರೂ ಬಿಚ್ಚಿ, ಫ್ಲೋಟನ್ನ (ಪೆಟ್ರೋಲ್ ಮ್ಯಾಲ ತೇಲೂ ಡಬ್ಬಿ) ನಿಮ್ಮ ಕಿವಿ ಹತ್ರ ಹಿಡದು ಅಲುಗಾಡಿಸ್ರಿ. ಒಳಗ ಗುಳುಗುಳು ಅಂದ್ರ ತೂತು ಬಿದ್ದೈತಿ, ಹೊಸಾದು ಹಾಕ್ರಿ. ನೀಡಲ್ ವಾಲ್ವ್ ಸೀಟ್ ಸಮೇತ ಬದಲಿಸ್ರಿ, ತುದಿ ವೈಟಾನ್ ರಬ್ಬರಿಂದು ಇರಲಿ. ಇ20 (20% ಎಥೆನಾಲ್ ಬೆರೆಸಿದ) ಪೆಟ್ರೋಲ್ ಹಳೇ ಟ್ಯಾಂಕಿನ ಗಮ್ ಕರಗಿಸ್ಕೊಂಡು ಬರತೈತಿ. ಆ ಕಸ ನೀಡಲ್ ಸೀಟಿನಾಗ ಕುಂತ್ರ ಪೆಟ್ರೋಲ್ ನಿಲ್ಲೂದ ಇಲ್ಲ. ಮುಚ್ಚಳ ತಲೆಕೆಳಗ ಹಿಡದು, ಫ್ಲೋಟಿನ ಲಿವರ್ ಮತ್ತ ಮುಚ್ಚಳದ ನಡುವ 1/8 ಇಂಚಿನ ಡ್ರಿಲ್ ಬಿಟ್ ಸರಿಯಾಗಿ ಕೂಡಬೇಕು. ಮೂಲ ಪಂಪ್ ತಗದು ಬ್ಯಾರೆ ಎಲೆಕ್ಟ್ರಿಕ್ ಪಂಪ್ ಹಾಕಿದ್ರ ಪ್ರೆಶರ್ ಅಳೀರಿ. 3 ಪಿಎಸ್‌ಐ ಆಸುಪಾಸು ಇರಬೇಕು, ಅದಕ್ಕಿಂತ ಭಾಳ ಹೆಚ್ಚಾದ್ರ ಹೊಸ ನೀಡಲ್ಲೂ ತಡಿಯೂದಿಲ್ಲ.

ಹಿಂದಿಂದು: ಐಡ್ಲಿಂಗ್‌ನ್ಯಾಗ ಥ್ರಾಟಲ್ ಸ್ಪಿಂಡಲ್‌ನ (ಥ್ರಾಟಲ್ ಬಿಲ್ಲೆ ತಿರುಗೂ ಸರಳು) ಎರಡೂ ತುದಿಗೆ ಎರಡೆರಡು ಹನಿ ಇಂಜಿನ್ ಆಯಿಲ್ ಬಿಡ್ರಿ. ಐಡ್ಲಿಂಗ್ ಬದಲಾದ್ರ ಅಲ್ಲೇ ಗಾಳಿ ಎಳೀತೈತಿ. ಹೊಸ ಸ್ಪಿಂಡಲ್, ಬುಶ್ ಹಾಕ್ಸಬೇಕು. ಥ್ರಾಟಲ್ ಬಿಲ್ಲೆಯ ಎರಡು ಸ್ಕ್ರೂಗಳ ಸೀಳಿದ ತುದಿ ಅಗಲ ಮಾಡೂದು ಮರೀಬ್ಯಾಡ್ರಿ. ಸ್ಕ್ರೂ ಕಳಚಿದ್ರ ಸೀದಾ ಸಿಲಿಂಡರಿಗೆ ಹೋಗತೈತಿ.

ಹಾವೇರಿ_ಪಾಯಿಂಟ್‌ಸೆಟ್:
ಮೇಲಿನವರು ಹೇಳಿದ್ದು ಸರಿ. ಆದರೆ ಮಿಕ್ಸ್ಚರ್ ಮುಟ್ಟುವ ಮೊದಲು ಟ್ಯಾಪೆಟ್, ಆಮೇಲೆ ಇಗ್ನಿಷನ್ ಆಗಲೇಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಟ್ಯಾಪೆಟ್ ಗ್ಯಾಪ್ (ವಾಲ್ವ್ ಮೇಲಿನ ಸಂದು) ಇಂಜಿನ್ ತಣ್ಣಗಿದ್ದಾಗ 0.015 ಇಂಚು. ಎಂಟು ವಾಲ್ವ್, ಎರಡು ಸಂಖ್ಯೆ ಕೂಡಿದರೆ ಒಂಬತ್ತು ಬರಬೇಕು: 8ನೇದು ಪೂರ್ತಿ ತೆರೆದಾಗ 1ನೇದು, 6 ತೆರೆದಾಗ 3, ಹೀಗೆ. ಅಂಬಾಸಿಡರ್‌ನ 1489 ಸಿಸಿ ಇಂಜಿನ್ ಸಹ ಇದೇ ಬಿ-ಸೀರೀಸ್ ವಂಶದ್ದು, ಹಾಗಾಗಿ ಅಂಬಾಸಿಡರ್ ಮೇಲೆ ಕೈ ಪಳಗಿದ ಹುಬ್ಬಳ್ಳಿಯ ಹಿರಿಯ ಮಿಸ್ತ್ರಿಗಳಿಗೆ ಇದು ಹೊಸದಲ್ಲ. ಪಾಯಿಂಟ್ (ಡಿಸ್ಟ್ರಿಬ್ಯೂಟರ್ ಒಳಗಿನ ಕಿಡಿಯ ಸ್ವಿಚ್) ಗ್ಯಾಪ್ 0.014ರಿಂದ 0.016 ಇಂಚು, ಪ್ಲಗ್ 0.025. ಪಾಯಿಂಟ್ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಟೈಮಿಂಗ್ ಯಾವಾಗಲೂ ಕೊನೆಗೆ: ಇಂಜಿನ್ ನಿಂತಿರುವಾಗ ಟಿಡಿಸಿಗೆ (ಪಿಸ್ಟನ್ ತುತ್ತತುದಿಗೆ ಬರುವ ಬಿಂದು) 10 ಡಿಗ್ರಿ ಮೊದಲು.

ಬಿಸಿಯಾದ ಮೇಲೆ ಕೈಕೊಡುವ ಕಂಡೆನ್ಸರ್, ಕಾಯಿಲ್ ಕೂಡ ಇದೇ ಲಕ್ಷಣ ತೋರಿಸುತ್ತವೆ. ಸ್ಟಾರ್ಟ್ ಆಗದ ಹೊತ್ತಿನಲ್ಲೇ ಪರೀಕ್ಷಿಸಿ. ಆದರೆ ಪೆಟ್ರೋಲ್ ಹನಿಯುವ ಕಡೆ ಪ್ಲಗ್ ಹೊರತೆಗೆದು ಕಿಡಿ ನೋಡಬೇಡಿ. ಟೈಮಿಂಗ್ ಲೈಟಿನ ಕ್ಲಿಪ್ ಪ್ಲಗ್ ವೈರಿಗೆ ಹಾಕಿ ಸೆಲ್ಫ್ ಹೊಡೆಯಿರಿ, ಲೈಟ್ ತಪ್ಪದೆ ಮಿನುಗಿದರೆ ಕರೆಂಟ್ ಬರುತ್ತಿದೆ. ಕಾಯಿಲ್ ಸುಮಾರು 3 ಓಮ್ ಇರಬೇಕು. 1.5 ಓಮ್‌ನ ಬ್ಯಾಲಸ್ಟ್ ಕಾಯಿಲ್ (ಜೊತೆಗೆ ರೆಸಿಸ್ಟರ್ ಬೇಕಾಗುವಂಥದ್ದು) ನೇರ 12 ವೋಲ್ಟಿಗೆ ಹಾಕಿದ್ದರೆ ಕಾಯಿಲ್ ಕಾಯುತ್ತದೆ, ಪಾಯಿಂಟ್ ಸುಡುತ್ತದೆ.

ವೆಬರ್ ಬಗ್ಗೆ: ಬೇಡ. ಅದರ ಚೋಕ್ (ಇಲ್ಲಿ ಒಳಗಿನ ಗಾಳಿ ಕೊಳವೆ), ಜೆಟ್ ಹೊಂದಿಸಲು ರೋಲಿಂಗ್ ರೋಡ್ (ಗಾಡಿಯನ್ನು ರೋಲರ್ ಮೇಲೆ ಓಡಿಸಿ ಅಳೆಯುವ ಯಂತ್ರ) ಬೇಕು. ಎಸ್‌ಯು ಪಿಸ್ಟನ್ ಗಾಳಿಯ ಹರಿವಿಗೆ ತಕ್ಕಂತೆ ತಾನೇ ಏರಿಳಿಯುತ್ತದೆ, ನಮ್ಮ ಸಿಗ್ನಲ್-ಸಿಗ್ನಲ್ ಓಡಾಟಕ್ಕೆ ಅದೇ ಹೇಳಿಮಾಡಿಸಿದ್ದು. ಮಾಡಿಫೈ ಮಾಡುವ ಆಸೆ ಇದ್ದರೆ ಡಿಸ್ಟ್ರಿಬ್ಯೂಟರ್ ಒಳಗೆ ಕೂರುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ, ಹೊರಗಿನಿಂದ ಏನೂ ಬದಲಾದಂತೆ ಕಾಣುವುದಿಲ್ಲ.

ಧಾರವಾಡ_ರೋಡ್‌ಸ್ಟರ್:
ಮುಂದಿನ ಫ್ಲೋಟಿನೊಳಗ ಪೆಟ್ರೋಲ್ ಅದ. ಹಿಂದ ಆಯಿಲ್ ಹನಿ ಬಿಟ್ಟ ಕೂಡ್ಲೇ ಐಡ್ಲಿಂಗ್ ಬದಲಾತು. ಎರಡಕ್ಕೂ ಸಾಮಾನು ತರಸ್ತೀನಿ. ಟ್ಯಾಪೆಟ್, ಟೈಮಿಂಗ್ ಆತು. ಜೋಡಿಸಿದ ಮ್ಯಾಲ ಟ್ಯೂನಿಂಗ್ ಎಲ್ಲಿಂದ ಶುರು ಮಾಡ್ಲಿ? ಬಿಸಿ ಇದ್ದಾಗ ಸ್ಟಾರ್ಟ್ ಮಾಡೂದು ಹೆಂಗ?

ಗದಗ_ಬಿಸೀರೀಸ್:
ಎರಡೂ ಕಡೆ ಜೆಟ್ಟನ್ನ (ಪೆಟ್ರೋಲ್ ಬರೂ ಸಣ್ಣ ಕೊಳವಿ) ಬ್ರಿಜ್ (ಅದರ ಸುತ್ತಲಿನ ಮಟ್ಟಸ ಜಾಗ) ಮಟ್ಟಕ್ಕ ತಂದು, ನಟ್ಟನ್ನ 12 ಫ್ಲ್ಯಾಟ್, ಅಂದ್ರ ಎರಡು ಸುತ್ತು, ಕೆಳಗ ಇಳಸ್ರಿ. ಡ್ಯಾಶ್‌ಪಾಟ್ (ಕಾರ್ಬೊರೇಟರ್ ಪಿಸ್ಟನ್ ಮ್ಯಾಲಿನ ಗುಮ್ಮಟ), ಪಿಸ್ಟನ್ ಒಂದರದ್ದು ಇನ್ನೊಂದಕ್ಕ ಹೋಗಬಾರದು. ಪಿಸ್ಟನ್ ಎತ್ತಿ ಬಿಟ್ರ ಟಕ್ ಅಂತ ಬೀಳಬೇಕು, ಇಲ್ಲಾಂದ್ರ ಜೆಟ್ ನಡುಮಧ್ಯ ಇಲ್ಲ. ಡ್ಯಾಂಪರಿಗೆ 20ಡಬ್ಲ್ಯೂ-50 ಇಂಜಿನ್ ಆಯಿಲ್ ನಡೀತೈತಿ: ಕ್ಯಾಪ್ ಇನ್ನ 1/4 ಇಂಚು ಮ್ಯಾಲಿದ್ದಾಗ ತಡೆ ಸಿಗಬೇಕು, ಅಷ್ಟು.

ಇಂಜಿನ್ ಪೂರ್ತಿ ಬಿಸಿ ಆದಮ್ಯಾಲ ಎರಡರ ನಡುವಿನ ಥ್ರಾಟಲ್ ಕ್ಲ್ಯಾಂಪ್ ಸಡ್ಲ ಮಾಡಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರ್ ಬಾಯಿಗೆ ಹಿಡೀರಿ. ಎರಡೂ ಕಡೆ ಸುಯ್ ಅನ್ನೂದು ಒಂದ ಸಮ ಕೇಳಬೇಕು. ಆಮ್ಯಾಲ ಪಿಸ್ಟನ್ ಎತ್ತೂ ಪಿನ್ನನ್ನ 1/32 ಇಂಚಿನಷ್ಟ ಎತ್ತಿ ಕೇಳ್ರಿ. ಐಡ್ಲಿಂಗ್ ಏರಿ ಹಂಗ ನಿಂತ್ರ ಪೆಟ್ರೋಲ್ ಹೆಚ್ಚು, ನಟ್ ಮ್ಯಾಲಕ್ಕ. ಸತ್ತಂಗ ಆದ್ರ ಕಡಿಮಿ, ಕೆಳಗ. ಕ್ಷಣ ಮಾತ್ರ ಏರಿ ಇಳದ್ರ ಸರಿ. ಒಂದೊಂದ ಫ್ಲ್ಯಾಟ್ ತಿರುವ್ರಿ. ಇ20ಗೆ ಹಳೇ ಪೆಟ್ರೋಲಿಗಿಂತ ತುಸು ಹೆಚ್ಚು ಇಂಧನ ಬೇಕು, ಹಂಗಾಗಿ ಮೊದಲಿನ ಸೆಟ್ಟಿಂಗಿಗಿಂತ ಒಂದೆರಡು ಫ್ಲ್ಯಾಟ್ ಕೆಳಗ ಬಂದ್ರ ಗಾಬ್ರಿ ಆಗಬ್ಯಾಡ್ರಿ.

ಬಿಸಿ ಸ್ಟಾರ್ಟ್: ಆಫ್ ಮಾಡಿದ ಮ್ಯಾಲ ಮ್ಯಾನಿಫೋಲ್ಡಿನ ಶಾಖಕ್ಕ ಫ್ಲೋಟ್ ಚೇಂಬರಿನ ಪೆಟ್ರೋಲ್ ಆವಿ ಆಗಿ ಇಂಜಿನಿಗೆ ತುಂಬತೈತಿ. ಚೋಕ್ ಮುಟ್ಟಬ್ಯಾಡ್ರಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡದು ಸೆಲ್ಫ್ ಹೊಡೀರಿ. ಪಂಪ್ ಮಾಡಿ ಉಪಯೋಗಿಲ್ಲ, ಎಸ್‌ಯುಕ್ಕ ಆಕ್ಸಿಲರೇಟರ್ ಪಂಪ್ ಇಲ್ಲ. ಕಾರ್ಬೊರೇಟರ್ ಹಿಂದಿನ ದಪ್ಪ ಇನ್ಸುಲೇಟರ್ ಬ್ಲಾಕ್, ಹೀಟ್ ಶೀಲ್ಡ್, ನಡುವಿನ ಪ್ಯಾಕಿಂಗ್ ಎಲ್ಲಾ ಇದಾವೋ ನೋಡ್ರಿ. ಯಾರರ ತಗದಿದ್ರ ಗದಗಿನ ಏಪ್ರಿಲ್ ಬಿಸಿಲಿಗೆ ಗಾಡಿ ತಡಕೊಳ್ಳೂದಿಲ್ಲ.

ಹಾವೇರಿ_ಪಾಯಿಂಟ್‌ಸೆಟ್:
ಒಂದು ಸೇರಿಸುತ್ತೇನೆ: ಟ್ಯಾಂಕಿನಿಂದ ಕಾರ್ಬೊರೇಟರ್ ತನಕ ರಬ್ಬರ್ ಹೋಸ್ ಎಲ್ಲವನ್ನೂ ಬದಲಿಸಿ, ಮೇಲೆ ಎಸ್‌ಎಇ ಜೆ30 ಆರ್9 ಅಂತ ಮುದ್ರೆ ಇರಲಿ. ಹಳೇ ರಬ್ಬರ್ ಇ20ಗೆ ಉಬ್ಬಿ ಒಳಗಿನಿಂದ ಉದುರುತ್ತದೆ, ಆ ಪುಡಿ ಮತ್ತೆ ನೀಡಲ್ ಸೀಟಿಗೇ ಬರುತ್ತದೆ. ಮಳೆಗಾಲದಲ್ಲಿ ಗಾಡಿ ನಿಲ್ಲಿಸಿಡುವುದಾದರೆ ಟ್ಯಾಂಕ್ ತುಂಬಿಸಿಡಿ; ಖಾಲಿ ಜಾಗ ಹೆಚ್ಚಿದ್ದಷ್ಟೂ ಎಥೆನಾಲ್ ತೇವ ಹೀರಿ ತಳದಲ್ಲಿ ನೀರು ಕೂರುತ್ತದೆ.